ಶ್ರೀಮಾನ್ ಹತ್ತು ಲಕ್ಷ ದಿರ್ಹಂ ಅವರಿಗೊಂದು ಬಹಿರಂಗ ಪತ್ರ

ಇವರಿಗೆ,
ಶ್ರೀಮಾನ್ ಹತ್ತು ಲಕ್ಷ ದಿರ್ಹಂ ಅವರು,
ಕೇರಾಫ್ ಮೂರು ವರ್ಷದ ಫಿಕ್ಸೆಡ್ ಡೆಪಾಸಿಟ್,
ದುಬೈ.

ಮಾನ್ಯರೇ,

ತಮ್ಮ ಹೆಸರನ್ನು ಬಹಳ ಕೇಳಿದ್ದೇನೆ. ಮುಖತಃ ಭೇಟಿಯಾಗುವ ಯೋಗ ಮಾತ್ರ ಕೂಡಿಬಂದಿಲ್ಲ. ನಾನು ದುಬೈಯ ದೇರಾದ ಟ್ರೇಡಿಂಗ್ ಕಂಪನಿಯೊಂದರಲ್ಲಿ ಲೆಕ್ಕ ಬರೆಯುವವನು. ಊರು ಉಡುಪಿಯ ಹತ್ತಿರ. ತಮ್ಮ ಕುಲಬಾಂಧವರು ದಿನಾ ನನ್ನ ಕಂಪ್ಯೂಟರಿನ ಮುಂದೆ ಹಾದುಹೋಗುತ್ತಾರೆ, ಎಲ್ಲರೂ ಮಾಲೀಕರ ಖಾತೆಯತ್ತ ಹೊರಟವರು. ಹೀಗೆ ದೂರದಿಂದಲೇ ನಮಸ್ಕಾರ ಹಾಕುತ್ತಾ ವಯಸ್ಸು ಐವತ್ತೈದಕ್ಕೆ ಬಂತು. ಕೆಲಸ ಬಿಟ್ಟ ಮೇಲೂ ಈ ಊರಿನಲ್ಲಿ ಉಳಿಯಬೇಕಾದರೆ ತಮ್ಮ ಶಿಫಾರಸು ಬೇಕಂತೆ. ಅದಕ್ಕೇ ಈ ಪತ್ರ.

2018ರಲ್ಲಿ ಯುಎಇ ಸಂಪುಟ, ನಿವೃತ್ತರಾದ ವಿದೇಶಿಯರಿಗೂ ಐದು ವರ್ಷದ ವೀಸಾ ಕೊಡುವುದಾಗಿ ಘೋಷಿಸಿತು. 2020ರ ಸೆಪ್ಟೆಂಬರಿನಲ್ಲಿ ದುಬೈ ಅದಕ್ಕೆಂದೇ ಒಂದು ಯೋಜನೆ ತಂದಿತು. ಅಂದು ನಮ್ಮ ಬೆಡ್‌ಸ್ಪೇಸ್‌ನಲ್ಲಿ ಸಣ್ಣದೊಂದು ಸಂಭ್ರಮವೇ ನಡೆಯಿತು. ಒಂದೇ ಕೋಣೆಯಲ್ಲಿ ಮಂಚದ ಮೇಲೆ ಮಂಚ ಹಾಕಿಕೊಂಡು ಮಲಗುವ ನಾವೆಲ್ಲ, ಕಡೆಗೂ ಸರ್ಕಾರಕ್ಕೆ ನಮ್ಮ ನೆನಪಾಯಿತು ಎಂದುಕೊಂಡೆವು. ಆಮೇಲೆ ಯಾರೋ ಷರತ್ತುಗಳನ್ನು ಓದಿ ಹೇಳಿದರು. ಹತ್ತು ಲಕ್ಷ ದಿರ್ಹಂ ಉಳಿತಾಯ ಇರಬೇಕು. ಇಲ್ಲವೇ ಸ್ವಂತ ಆಸ್ತಿ ಇರಬೇಕು. ಎರಡೂ ಇಲ್ಲದಿದ್ದರೆ ತಿಂಗಳಿಗೆ ಸಾವಿರಗಟ್ಟಲೆ ದಿರ್ಹಮಿನ ಖಾಯಂ ಆದಾಯ ಇರಬೇಕು. ಇದು ಈಗ ದೇಶದ ನಿಯಮದಲ್ಲಿ 20,000, ದುಬೈಯಲ್ಲಿ ರಿಯಾಯಿತಿ ದರದಲ್ಲಿ 15,000. ಓದಿದವನು ಫೋನು ಕೆಳಗಿಟ್ಟು, ‘ಈಗ ಲೈಟ್ ಆರಿಸಿ, ಬೆಳಿಗ್ಗೆ ಡ್ಯೂಟಿ ಇದೆ’ ಅಂದ.

ನನಗೆ ತುಂಬಾ ಹಿಡಿಸಿದ್ದು ದುಡಿಮೆಯ ಷರತ್ತು. ಅರ್ಜಿದಾರ ಹದಿನೈದು ವರ್ಷ ದುಡಿದವನಾಗಿರಬೇಕು, ಇಲ್ಲವೇ ನಿವೃತ್ತಿಯ ವೇಳೆಗೆ 55 ತುಂಬಿರಬೇಕು. ದುಡಿದದ್ದು ಯುಎಇಯ ಒಳಗಾದರೂ ಸರಿ, ಹೊರಗಾದರೂ ಸರಿ. ಎಂಥ ಸಮಭಾವ! ಜುಲೈ ಬಿಸಿಲಿನಲ್ಲಿ ಇಲ್ಲಿ ಕಬ್ಬಿಣ ಕಟ್ಟಿದವನಿಗೂ ಲಂಡನ್ನಿನ ಹೀಟರ್ ಪಕ್ಕ ಫೈಲು ನೋಡಿದವನಿಗೂ ಒಂದೇ ಅಂಕ. ಈ ಊರಿಗಾಗಿಯೇ ದುಡಿದೆ ಎಂದರೆ ಹೆಚ್ಚಿನ ಅಂಕವೇನೂ ಇಲ್ಲ. ಕೊನೆಗೆ ಪರೀಕ್ಷೆ ಪಾಸು ಮಾಡಿಸುವವರು ತಾವೊಬ್ಬರೇ.

ವೃತ್ತಿಯ ಚಟ ನೋಡಿ, ತಮ್ಮನ್ನು ಮುಟ್ಟುವ ದಾರಿಯನ್ನೂ ಲೆಕ್ಕ ಹಾಕಿದೆ. ಖಾಸಗಿ ಕಂಪನಿಯಲ್ಲಿ ದುಡಿಯುವ ನಮ್ಮಂಥ ವಿದೇಶಿಯರಿಗೆ ಇಲ್ಲಿ ಪಿಂಚಣಿ ಇಲ್ಲ, ಗ್ರಾಚ್ಯುಯಿಟಿ ಇದೆ. ಮೊದಲ ಐದು ವರ್ಷಗಳಲ್ಲಿ ವರ್ಷಕ್ಕೆ 21 ದಿನದ, ಆಮೇಲೆ ವರ್ಷಕ್ಕೆ 30 ದಿನದ ಸಂಬಳ. ಅದೂ ‘ಬೇಸಿಕ್’, ಅಂದರೆ ಮೂಲ ವೇತನದ ಮೇಲೆ. ಬೇಸಿಕ್ 4,000 ದಿರ್ಹಂ ಇರುವವನು ಇಪ್ಪತ್ತು ವರ್ಷ ದುಡಿದನೆನ್ನಿ: ಮೊದಲ ಐದಕ್ಕೆ 105 ದಿನ, ಉಳಿದ ಹದಿನೈದಕ್ಕೆ 450 ದಿನ, ಒಟ್ಟು 555 ದಿನ, ಅಂದರೆ ಹದಿನೆಂಟೂವರೆ ತಿಂಗಳು. ಕೈಗೆ ಬರುವುದು 74,000 ದಿರ್ಹಂ. ತಮ್ಮ ಹತ್ತನೇ ಒಂದು ಪಾಲೂ ಆಗಲಿಲ್ಲ. ಇನ್ನೂ ಹಲವು ಜನ್ಮ ದುಡಿದು ಮುಟ್ಟೋಣ ಎಂದರೆ ಕಾನೂನು ಅದಕ್ಕೂ ಕೈ ಅಡ್ಡ ಹಿಡಿದಿದೆ: ಗ್ರಾಚ್ಯುಯಿಟಿ ಒಟ್ಟಾರೆ ಎರಡು ವರ್ಷದ ವೇತನ ಮೀರಕೂಡದು. ಚಿರಂಜೀವಿ ಅಶ್ವತ್ಥಾಮ ಬಂದು ಇಲ್ಲಿ ಕೆಲಸಕ್ಕೆ ಸೇರಿದರೂ ಆ ಬೇಸಿಕ್‌ನಲ್ಲಿ ತಮ್ಮ ಪಾದ ಮುಟ್ಟಲಾರ.

ಆದಾಯದ ದಾರಿ ಇದೆಯಲ್ಲ ಎನ್ನುತ್ತೀರಿ. ದುಬೈಯ ಆ ರಿಯಾಯಿತಿಯ 15,000 ದಿರ್ಹಂ ನಮ್ಮ ಲೆಕ್ಕದಲ್ಲಿ ತಿಂಗಳಿಗೆ ಮೂರು ಲಕ್ಷ ರೂಪಾಯಿಗೂ ಮಿಕ್ಕಿತು. ಏಳನೇ ವೇತನ ಆಯೋಗ ಭಾರತದ ಕ್ಯಾಬಿನೆಟ್ ಸೆಕ್ರೆಟರಿಗೆ ನಿಗದಿ ಮಾಡಿದ ಮೂಲ ವೇತನವೇ 2,50,000 ರೂಪಾಯಿ. ಪಿಂಚಣಿ ಅದರ ಅರ್ಧ, ಮೇಲೆ ತುಟ್ಟಿಭತ್ಯೆ. ದೇಶದ ಅಧಿಕಾರಿಗಳಲ್ಲೆಲ್ಲ ಹಿರಿಯರಾದ ಅವರೇ ಬರೀ ಪಿಂಚಣಿ ಪುಸ್ತಕ ಹಿಡಿದುಕೊಂಡು ಬಂದರೆ ಇಲ್ಲಿ ಅರ್ಜಿ ವಾಪಸ್ಸು. ಅವರ ಹಿಂದೆ ಸಾಲಿನಲ್ಲಿ ನಿಲ್ಲುವುದಾದರೆ ನನಗೇನೂ ಅವಮಾನವಿಲ್ಲ.

ತಮ್ಮ ವಿಳಾಸ ವಿಚಾರಿಸಲು ನನ್ನ ಸಂಬಳದ ಖಾತೆ ಇರುವ ಬ್ಯಾಂಕಿಗೂ ಹೋಗಿದ್ದೆ. ‘ರಿಟೈರ್‌ಮೆಂಟ್ ವೀಸಾ’ ಎಂದೊಡನೆ ಕೌಂಟರಿನ ಹುಡುಗಿ ಒಳಗಿನ ಸೋಫಾ ತೋರಿಸಿದಳು. ಖರ್ಜೂರ ಬಂತು, ಸಣ್ಣ ಬಟ್ಟಲಿನಲ್ಲಿ ಏಲಕ್ಕಿ ಹಾಕಿದ ಅರಬ್ಬೀ ಕಾಫಿ ಗಾವಾ ಬಂತು. ಟೈ ಕಟ್ಟಿದ ಯುವಕ ನನ್ನ ಎಮಿರೇಟ್ಸ್ ಐಡಿ ನಂಬರ್ ಒತ್ತಿ, ಪರದೆ ನೋಡಿ, ಮತ್ತೊಮ್ಮೆ ನಂಬರ್ ಒತ್ತಿದ. ಎರಡನೇ ಸಲವೂ ಬ್ಯಾಲೆನ್ಸ್ ಹೆಚ್ಚಾಗಲಿಲ್ಲ. ‘ಅಂಕಲ್, ನಿಮಗೆ ಕ್ರೆಡಿಟ್ ಕಾರ್ಡ್ ಬೇಕಾ?’ ಎಂದು ಕೇಳಿದ. ಉಳಿತಾಯ ಇಲ್ಲದವನಿಗೆ ಸಾಲವಾದರೂ ಸಿಗಲಿ ಎಂಬ ಕರುಣೆ.

ನಮ್ಮ ಕಡೆಯ ಬ್ಯಾಂಕುಗಳಿಗೆ ಈ ಮರ್ಯಾದೆಯ ಕ್ರಮ ತಿಳಿದಿರಲಿಲ್ಲ, ಪಾಪ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿತು. ಏಜೆಂಟನೇ ಮನೆ ಬಾಗಿಲಿಗೆ, ಅಂಗಡಿ ಜಗಲಿಗೆ ಬಂದು ದಿನಕ್ಕೆ ಎರಡಾಣೆ ಪಡೆದು ಪುಸ್ತಕದಲ್ಲಿ ಬರೆದುಕೊಂಡು ಹೋಗುತ್ತಿದ್ದ. ಎರಡಾಣೆಯವನನ್ನು ಹುಡುಕಿಕೊಂಡು ಬ್ಯಾಂಕೇ ನಡೆದುಬರುವುದೆಂದರೆ ಎಂಥ ಹಳ್ಳಿಗಾಡಿನ ವ್ಯವಹಾರ! ಆ ಬ್ಯಾಂಕೂ ಈಗ ಇಲ್ಲ. 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಅಂದೇ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಸೇರಿತು. ಅದಕ್ಕೂ ಒಂದು ವರ್ಷ ಮೊದಲು ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾಕ್ಕೆ ಹೋಗಿತ್ತು. ನಾವು ಇಲ್ಲಿ ವೀಸಾ ನವೀಕರಿಸಿಕೊಳ್ಳುತ್ತಾ ಇದ್ದರೆ, ಅಲ್ಲಿ ನಮ್ಮ ಪಾಸ್‌ಬುಕ್ಕುಗಳ ಹೆಸರೇ ಬದಲಾಗಿ ಹೋಯಿತು.

ಹಾಗಾದರೆ ಊರಿಗೇ ಹೋಗು ಎಂದು ತಾವು ಹೇಳಬಹುದು. ಹೋಗುತ್ತೇನೆ. ಅಲ್ಲಿಯೂ ಕಾಗದಪತ್ರ ಕಾದಿದೆ. ಶಾಶ್ವತವಾಗಿ ಮರಳಿದವನು ತನ್ನ ಎನ್‌ಆರ್‌ಇ ಎಂಬ ಅನಿವಾಸಿ ಖಾತೆಯನ್ನು ಫೆಮಾ ಎಂಬ ವಿದೇಶಿ ವಿನಿಮಯ ಕಾಯ್ದೆಯ ನಿಯಮದಂತೆ ನಿವಾಸಿ ಖಾತೆಗೋ ಆರ್‌ಎಫ್‌ಸಿ ಎಂಬ ವಿದೇಶಿ ಕರೆನ್ಸಿ ಖಾತೆಗೋ ಬದಲಿಸಬೇಕು. ಅಲ್ಲಿಗೆ ಎನ್‌ಆರ್‌ಇ ಬಡ್ಡಿಗಿದ್ದ ತೆರಿಗೆ ವಿನಾಯಿತಿಯೂ ಮುಗಿಯುತ್ತದೆ. ಎಫ್‌ಸಿಎನ್‌ಆರ್ ಎಂಬ ಅನಿವಾಸಿಗಳ ವಿದೇಶಿ ಕರೆನ್ಸಿ ಠೇವಣಿ ಮಾತ್ರ ಒಪ್ಪಿದ ಬಡ್ಡಿಯಲ್ಲೇ ಅವಧಿಯವರೆಗೆ ಮುಂದುವರಿಯಬಹುದು. ಅಂತೂ ಇಲ್ಲಿ ಉಳಿಯಲು ದುಡ್ಡು ಸಾಲದು, ಅಲ್ಲಿ ಇಳಿದರೆ ದುಡ್ಡಿಗೆ ಲೆಕ್ಕ ಕೊಡಬೇಕು.

ಈ ದೇಶವನ್ನು ನಾನು ದೂರುತ್ತಿಲ್ಲ. ಅದು ನಮ್ಮಂಥವರನ್ನು ಪೌರತ್ವದ ಆಸೆ ತೋರಿಸಿ ಕರೆಸಿಕೊಂಡಿಲ್ಲ. ಸಂಬಳದಲ್ಲಿ ಆದಾಯ ತೆರಿಗೆ ಎಂದು ಒಂದು ಕಾಸು ಹಿಡಿದಿಲ್ಲ. ಕರಾವಳಿಯ ಎಷ್ಟೋ ಹೆಂಚಿನ ಮನೆಗಳ ಮೇಲೆ ಆರ್‌ಸಿಸಿ ಬಂದದ್ದು, ತಂಗಿಯರ ಮದುವೆ ಆದದ್ದು, ಮಕ್ಕಳು ಎಂಜಿನಿಯರಾದದ್ದು ಈ ಸಂಬಳದಿಂದಲೇ. ತಾವು ನನ್ನ ಖಾತೆಗೆ ಯಾಕೆ ಬರಲಿಲ್ಲ ಎಂಬುದಕ್ಕೂ ಅದೇ ಉತ್ತರ: ಬಿಡಿಬಿಡಿಯಾಗಿ ತಾವು ಬಂದಿರಿ, ಬಂದ ತಿಂಗಳೇ ಊರಿಗೆ ಹೋದಿರಿ. ಆದರೆ ನಿವೃತ್ತಿ ವೀಸಾ ಕೇಳುವುದು ಹೋದ ದುಡ್ಡಿನ ಲೆಕ್ಕವನ್ನಲ್ಲ, ಕಳೆದ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟನ್ನು.

ಆದ್ದರಿಂದ ತಮಗೆ ಹೇಳುವುದು ಇಲ್ಲಿಗೆ ಮುಗಿಯಿತು. ಉಳಿದ ಮಾತು ನಾಳೆ ಬಜ್ಪೆಯಲ್ಲಿ ವಿಮಾನ ಹತ್ತುವ ಹುಡುಗ ಹುಡುಗಿಯರಿಗೆ. ಆಫರ್ ಲೆಟರಿನಲ್ಲಿ ಒಟ್ಟು ಮೊತ್ತ ನೋಡಿ ಹಿಗ್ಗಬೇಡಿ, ಬೇಸಿಕ್ ಎಷ್ಟೆಂದು ನೋಡಿ. ಮನೆ ಬಾಡಿಗೆ, ಸಾರಿಗೆ, ‘ಇತರೆ’ ಎಂದು ಹರಿದು ಹಂಚಿದ ಸಂಬಳದಲ್ಲಿ ಬೇಸಿಕ್ ಸಣ್ಣದಾದಷ್ಟೂ ಕೊನೆಗೆ ಕೈಗೆ ಬರುವ ಗ್ರಾಚ್ಯುಯಿಟಿಯೂ ಸಣ್ಣದಾಗುತ್ತದೆ. ಸಹಿ ಹಾಕುವ ಮೊದಲೇ ಚೌಕಾಸಿ ಮಾಡಿ. ಮೊದಲ ಸಂಬಳದಿಂದಲೇ ನಿಮ್ಮ ಹೆಸರಿನಲ್ಲಿ ಒಂದಿಷ್ಟು ತೆಗೆದಿಡಿ, ಊರಿನ ಪಾಲು ಆಮೇಲೆ. ಗ್ರಾಚ್ಯುಯಿಟಿ ಪಿಂಚಣಿಯಲ್ಲ, ಗಲ್ಫಿನಲ್ಲಿ ನಿಮ್ಮ ಮುಪ್ಪನ್ನು ನೀವೇ ಸಾಕಬೇಕು.

ಇತಿ,
ತಮ್ಮ ದರ್ಶನಾಕಾಂಕ್ಷಿ,
ದೇರಾದ ಲೆಕ್ಕದವನು