ಖಡಕಿಯವರು ಕೊಟ್ಟಿದ್ದೇ ಗುಂಡು

ನಮ್ಮ ಬೇಲಿಯಾಚೆಯ ಗೌಡರಿಗೆ ರಿವಾಲ್ವರ್ ಬೇಕಾಗಿದೆ. ಮೂಡಲಗಿ ಕಡೆ ತೋಟದ ಮನೆ, ಸುತ್ತಲೂ ಆಳು ಮುಳುಗುವ ಕಬ್ಬು, ರಾತ್ರಿ ಪಾಳಿಯ ಕರೆಂಟಿಗೆ ನೀರು ಹಾಯಿಸಲು ಒಬ್ಬರೇ ಹೋಗಬೇಕು. 2022ರಲ್ಲಿ ಬೆಳಗಾವಿಯ ಗಾಲ್ಫ್ ಮೈದಾನ ಹೊಕ್ಕ ಚಿರತೆ ಸಾಲಿಗಳನ್ನೇ ಮುಚ್ಚಿಸಿತಲ್ಲ, ಆಗಿನಿಂದ ಈ ಆಸೆ ಬಲಿತಿದೆ. ಲೈಸನ್ಸಿಗೆ ಇನ್ನೂ ಅರ್ಜಿ ಹಾಕಿಲ್ಲ. ಚಿಂತೆ ಮಾತ್ರ ಆಗಲೇ ಕಾಡತೂಸಿಗೆ ಹೋಗಿದೆ.

“ಮಾಸ್ತರ, ಅಮೆರಿಕಾದಾಗಿರೂ ನಮ್ಮ ತಮ್ಮನ ಮಗ ಹೇಳಾಕತ್ತಿದ್ದ. ಮೂತಿ ಕುಳಿ ಇರೂ ಗುಂಡ ತಗೋ ದೊಡ್ಡಪ್ಪಾ ಅಂತ. ಹೌದೇನ್ರಿ?”

ಹುಡುಗ ಸುಳ್ಳು ಹೇಳಿಲ್ಲ. ಕುಳಿಮೂತಿಯ ಗುಂಡು ಮೈಗೆ ಹೊಕ್ಕೊಡನೆ ಅರಳಿ ಅಲ್ಲೇ ನಿಲ್ಲಲು ನೋಡುತ್ತದೆ. ಆಚೆ ಹೊರಟು, ತಗಡು ತೂರಿ, ನೆರೆಮನೆಯವನನ್ನು ಹುಡುಕಿಕೊಂಡು ಬರುವುದು ಕಡಿಮೆ. ನೆರೆಮನೆಯವನು ನಾನೇ ಆದ್ದರಿಂದ ಈ ಗುಣ ನನಗೂ ಒಪ್ಪಿಗೆ. ಅಮೆರಿಕದ ಪೊಲೀಸರು ಅದನ್ನೇ ತುಂಬಿಕೊಳ್ಳುತ್ತಾರೆ. ಹಾಗೆ ನೋಡಿದರೆ ಅರಳುವ ಗುಂಡಿಗೆ ಹೆಸರು ಕೊಟ್ಟದ್ದೇ ನಮ್ಮ ಕೋಲ್ಕತ್ತಾ ಬಳಿಯ ಡಮ್‌ಡಮ್ ಕಾರ್ಖಾನೆ. 1890ರ ದಶಕದಲ್ಲಿ ಬ್ರಿಟಿಷರು ಅಲ್ಲಿ ಮಾಡಿದರು. 1899ರಲ್ಲಿ ಹೇಗ್ ಸಮ್ಮೇಳನ ಕೂತು, ಯುದ್ಧದಲ್ಲಿ ಇದು ಬೇಡ ಅಂದಿತು.

“ಹಂಗಾರ ಬೆಳಗಾವ್ಯಾಗ ಸಿಗತೈತಿ?”

ಇಲ್ಲಿಗೆ ಬಂತು ನೋಡಿ ಮಾತು. ಗೋಕಾಕದ ಕರದಂಟಿನ ಅಂಗಡಿಯಲ್ಲಿ ನಿಂತು ಇದು ಬೇಡ ಅದು ಕೊಡು ಅಂದಂತೆ ಕಾಡತೂಸು ಆರಿಸಲು ಬರುವುದಿಲ್ಲ. 9 ಎಂಎಂ ನಿಷೇಧಿತ ಬೋರು, ಸಾಮಾನ್ಯ ಪ್ರಜೆ ಮುಟ್ಟುವಂತಿಲ್ಲ. ಉಳಿದದ್ದು ಹೆಚ್ಚಾಗಿ .32. ಅದರ ಗುಂಡು ಸಾಮಾನ್ಯವಾಗಿ ಪುಣೆಯ ಖಡಕಿ ಕಾರ್ಖಾನೆಯದು, 1869ರಿಂದ ನಡೆದಿರುವ ಕಾರ್ಖಾನೆ. ಕಾಡತೂಸಿನ ಬುಡದಲ್ಲಿ ಕೆಎಫ್ ಅಂತ ಒತ್ತಿರುತ್ತಾರೆ. ರಿವಾಲ್ವರಿಗೆ ಕೊಡುವುದು ಕುಳಿಯಿಲ್ಲದ ದುಂಡು ಮೂತಿಯ ಸೀಸ. ಎಷ್ಟು ಕೊಳ್ಳಬಹುದು ಅನ್ನುವುದೂ ಲೈಸನ್ಸಿನಲ್ಲೇ ಬರೆದಿರುತ್ತದೆ.

ಒಂದನ್ನು ಮಾತ್ರ ಗೌಡರಿಗೆ ಒತ್ತಿ ಹೇಳಿದೆ. .32 ರಿವಾಲ್ವರ್ ಇದೆ, .32 ಪಿಸ್ತೂಲೂ ಇದೆ. ಅಂಕಿ ಒಂದೇ, ಕಾಡತೂಸು ಬೇರೆ. ರಿವಾಲ್ವರಿನದು ಉದ್ದ, ಬುಡಕ್ಕೆ ಎದ್ದು ಕಾಣುವ ಅಂಚು, ಪಿಸ್ತೂಲಿನದು ಗಿಡ್ಡ. ಅದರದನ್ನು ಇದಕ್ಕೆ ತುಂಬಬಾರದು. 2014ರಲ್ಲಿ ಹೆಣ್ಣುಮಕ್ಕಳಿಗೆಂದು ಕಾನ್ಪುರದವರು ತಂದ ಅರ್ಧ ಕಿಲೋ ತೂಕದ ‘ನಿರ್ಭೀಕ್’ ಕೂಡ .32 ರಿವಾಲ್ವರೇ. ಬೆಲೆ ಆಗಲೇ ಲಕ್ಷದ ಮೇಲಿತ್ತು.

“ಲಕ್ಷಾ ರೂಪಾಯಿ ಕೊಟ್ಟು ಅದನ್ನ ಕಾಯಾಕ ಮತ್ತೊಬ್ಬನ್ನ ಇಡತೀರೇನು?” ಒಳಗಿನಿಂದ ಗೌಡಶಾನಿ.

ಆಯ್ಕೆಯ ಸುಖ ಇರುವುದು ಹುಕ್ಕೇರಿಯಲ್ಲಿರುವ ಅವರ ಅಳಿಯನಿಗೆ. ಅವನದು ಅಜ್ಜನ ಕಾಲದ 12 ಬೋರಿನ ಜೋಡುನಳಿಗೆ. ಅದಕ್ಕೆ ಖಡಕಿಯ ‘ಶಕ್ತಿಮಾನ್’ ಕಾಡತೂಸಿನಲ್ಲೇ ಚರೆಯ ಅಳತೆಯಂತೆ ಎಲ್‌ಜಿ, ಎಸ್‌ಜಿ, ಬಿಬಿ, ಆಮೇಲೆ ನಂಬರಿನವು. ನಂಬರು ಏರಿದಷ್ಟೂ ಚರೆ ಸಣ್ಣ. ಅವನು ಹಾರಿಸಿದ್ದನ್ನು ಕಂಡವರಿಲ್ಲ. ದಸರೆಗೆ ಕುಂಕುಮ ಹಚ್ಚಿಸಿಕೊಂಡು ಮೂಲೆಗೆ ಕೂಡುತ್ತದೆ.

ಹತಾರಕ್ಕೂ ನಮ್ಮ ಸೀಮೆಗೂ ಹಳೆಯ ಲೆಕ್ಕವೊಂದಿದೆ. ಇಲ್ಲಿಂದ ದೂರವೇನಿಲ್ಲ, ಮುಧೋಳದ ಹಲಗಲಿ. 1857ರಲ್ಲಿ ಬ್ರಿಟಿಷರು ಹತಾರ ಒಪ್ಪಿಸಿರಿ ಅಂದಾಗ ಬೇಡರು ಒಲ್ಲೆವು ಅಂದರು. ಬ್ರಿಟಿಷರು ಊರನ್ನೇ ಸುಟ್ಟರು, ಹಿಡಿದವರನ್ನು ಗಲ್ಲಿಗೇರಿಸಿದರು. ಕೊಡವರಿಗೆ ಬ್ರಿಟಿಷರ ಕಾಲದಿಂದ ಬಂದ ಲೈಸನ್ಸಿನ ವಿನಾಯಿತಿ ಇವತ್ತಿಗೂ ಉಂಟು. ಬೇಡರಿಗೆ ಸಿಕ್ಕದ್ದು ಲಾವಣಿ. ಇದರಲ್ಲಿ ನ್ಯಾಯ ಹುಡುಕಬೇಡಿ.

“ಅದಿರಲಿ ಮಾಸ್ತರ, ಕಳ್ಳ ಬಂದ, ಹಾರಿಸಿದೆ ಅನ್ರಿ. ಮುಂದ?”

ಮುಂದೆ ಭಾರತೀಯ ನ್ಯಾಯ ಸಂಹಿತೆ. 34ರಿಂದ 44ರವರೆಗಿನ ಕಲಮುಗಳು ಆತ್ಮರಕ್ಷಣೆಯವು. ಹಕ್ಕು ಕೊಟ್ಟಿವೆ, ಬೇಕಾದ್ದಕ್ಕಿಂತ ಹೆಚ್ಚು ಪೆಟ್ಟು ಕೊಡಬೇಡ ಅಂತಲೂ ಅಂದಿವೆ. ಕಬ್ಬಿನ ತುಡುಗನ ಬೆನ್ನಿಗೆ ಗುಂಡು ಹೊಡೆದು ಜೀವಕ್ಕೆ ಅಂಜಿದ್ದೆ ಅಂದರೆ ಕೋರ್ಟು ಕೇಳುವುದು ಕಷ್ಟ. ಗುಂಡಿನ ಮೂತಿ ಕುಳಿಯೋ ದುಂಡೋ ಅನ್ನುವುದು ಆಗ ಯಾರ ತಲೆಯಲ್ಲೂ ಇರುವುದಿಲ್ಲ. ಇಷ್ಟಕ್ಕೂ ಲೈಸನ್ಸು ಬೇಕೆಂದರೆ ಡಿಸಿ ಕಚೇರಿಗೆ ಅರ್ಜಿ, ಪೊಲೀಸರ ವರದಿ, 2016ರ ನಿಯಮದಂತೆ ಬಂದೂಕು ಹಿಡಿಯುವ ತರಬೇತಿಯ ಪ್ರಮಾಣಪತ್ರ, ಎಲ್ಲ ಆಗಬೇಕು. ಮದುವೆ ಮೆರವಣಿಗೆಯಲ್ಲಿ ಢಂ ಅನ್ನಿಸಿದರೆ 2019ರ ತಿದ್ದುಪಡಿ ಪ್ರಕಾರ ಎರಡು ವರ್ಷದವರೆಗೆ ಜೈಲು, ಇಲ್ಲವೇ ಲಕ್ಷದವರೆಗೆ ದಂಡ, ಇಲ್ಲವೇ ಎರಡೂ.

“ಮತ್ತ ಇಲೆಕ್ಷನ್ ಬಂದಾಗ ಠಾಣೆದಾಗ ಇಟ್ಟು ಬಾ ಅಂತಾರಂತಲ್ಲ?”

“ಹೌದ್ರಿ ಗೌಡ್ರ, ಸಾಮಾನ್ಯಕ್ಕ ಇಡಬೇಕಾಗತೈತಿ. ರಸೀದಿ ಕೊಡತಾರ.”

“ಮಾಸ್ತರ, ನಮ್ಮ ಊರಾಗ ಬಡದಾಟ ಆಗೂದ ಇಲೆಕ್ಷನ್ನಿನ್ಯಾಗ್ರಿ!”

ಗೌಡಶಾನಿ ಹೊರಗೆ ಬಂದು, ಕರೆಂಟು ಬಂತು, ಮೋಟರ್ ಚಾಲೂ ಮಾಡಿ ಬರ್ರಿ ಅಂತ ಅವರ ಕೈಗೆ ಬ್ಯಾಟರಿ ಕೊಟ್ಟಳು.