ಜಪಾನೀ ವಿರಹಗೀತೆಯ ಹೊನ್ನಾಳಿ ಮೂಲ: ಒಂದು ನಿರ್ವಿವಾದ ಪ್ರಬಂಧ

ಜಪಾನಿನ ಹೆಣ್ಣುದನಿಯ ಪ್ರೇಮಗೀತೆಗಳನ್ನು ಕುರಿತು ಈತನಕ ಬರೆದವರೆಲ್ಲ ಟೋಕಿಯೊದಲ್ಲಿ ಶುರುಮಾಡಿ ಟೋಕಿಯೊದಲ್ಲೇ ನಿಂತಿದ್ದಾರೆ. ಇದು ಹೊಳೆಯ ಹುಟ್ಟು ಹುಡುಕಲು ಹೊರಟವರು ಸಮುದ್ರದ ದಂಡೆಯಲ್ಲಿ ಕೂತಂತೆ. ಆ ಗೀತೆಗಳ ಮೂಲ ಹೊನ್ನಾಳಿ ಎಂಬುದು ಈ ಪ್ರಬಂಧದ ಪ್ರತಿಪಾದನೆ. ಪುರಾವೆ ಬೇಕೆನ್ನುವವರಿಗೆ ಪುರಾವೆ ಕೊಡಲಾಗುವುದು. ಬೇಡವೆನ್ನುವವರು ಹೊನ್ನಾಳಿಯವರೇ ಇರಬೇಕು. ಮೊದಲು ವಸ್ತುಸ್ಥಿತಿ. ಜಪಾನಿನಲ್ಲಿ ಎಂಕಾ ಎಂಬ ಜನಪ್ರಿಯ ಹಾಡಿನ ಪ್ರಕಾರವಿದೆ. ಅದರ ನಾಯಕಿ ಬಹುಮಟ್ಟಿಗೆ ಬಿಟ್ಟುಹೋದವನ ನೆನಪಿನಲ್ಲಿರುತ್ತಾಳೆ. ಜೊತೆಗೆ ಮಳೆ, ಹಿಮ, ಬಂದರು, ಮದ್ಯ ಇವುಗಳಲ್ಲಿ ಎರಡಾದರೂ ಇರಬೇಕು. 1966ರ ‘ಕನಾಶಿಯಿ ಸಾಕೆ’ಯಲ್ಲಿ ಮಿಸೊರಾ ಹಿಬಾರಿ ಒಬ್ಬಳೇ ಕೂತು ಕುಡಿಯುವ ಹೆಣ್ಣಿಗೆ ದನಿಯಾದರು. 1975ರ ‘ಕಿತಾ ನೊ ಯಾದೊ ಕಾರಾ’ದಲ್ಲಿ ಮಿಯಾಕೊ ಹಾರುಮಿಯ ನಾಯಕಿ, ತೊಡಲಾರದವನಿಗಾಗಿ ಸ್ವೆಟರ್ ಹೆಣೆಯುತ್ತಾಳೆ. 1977ರಲ್ಲಿ ಇಶಿಕಾವಾ ಸಾಯುರಿಯ ನಾಯಕಿ ರಾತ್ರಿ ರೈಲಿನಲ್ಲಿ ಬಂದಿಳಿದು, ತ್ಸುಗಾರು ಜಲಸಂಧಿ ದಾಟುವ ಹಡಗು ಹತ್ತುತ್ತಾಳೆ. ಕೊನೆಯ ಎರಡನ್ನೂ ಬರೆದವನು ಆಕು ಯು ಎಂಬ ಗಂಡಸು. ಹೆಣ್ಣಿನ ಅಳಲನ್ನು ಗಂಡು ಬರೆದು ಹೆಣ್ಣಿನಿಂದಲೇ ಹಾಡಿಸುವ ಏರ್ಪಾಡು ನಮಗೇನೂ ಹೊಸದಲ್ಲ, ಎಸ್. ಜಾನಕಿಯವರ ದನಿಗೆ ಚಿ. ಉದಯಶಂಕರ್, ಆರ್.ಎನ್. ಜಯಗೋಪಾಲ್ ಎಷ್ಟು ವಿರಹ ಬರೆದುಕೊಡಲಿಲ್ಲ! ಅಂದಮೇಲೆ ಸಾಮ್ಯ ಸಿದ್ಧ. ಉಳಿದಿರುವುದು ಸಾಗಣೆಯ ಪ್ರಶ್ನೆ ಮಾತ್ರ.

ಸಾಗಣೆ ನೀರಿನ ಮೇಲಾಯಿತು. ಜಪಾನಿನ ಏಳು ಭಾಗ್ಯದೇವತೆಗಳಲ್ಲಿ ಒಬ್ಬಳೇ ಹೆಣ್ಣು, ಬೆನ್ಜೈಟೆನ್. ಕೈಯಲ್ಲಿ ಬಿವಾ ಎಂಬ ತಂತಿವಾದ್ಯ, ಗುಡಿ ಸಾಮಾನ್ಯವಾಗಿ ನೀರಿನ ನಡುವೆ ಇಲ್ಲವೆ ದಡದಲ್ಲಿ. ಈಕೆ ನಮ್ಮ ಸರಸ್ವತಿಯೇ ಎಂಬುದನ್ನು ಜಪಾನೀಯರೇ ಒಪ್ಪುತ್ತಾರೆ. ಟೋಕಿಯೊದ ಇನೊಕಾಶಿರಾ ಕೊಳದಲ್ಲಿ ಜೋಡಿಯಾಗಿ ದೋಣಿ ನಡೆಸಿದ ಪ್ರೇಮಿಗಳನ್ನು ಈಕೆ ಅಸೂಯೆಯಿಂದ ಅಗಲಿಸುತ್ತಾಳೆಂಬ ಮಾತೂ ಅಲ್ಲಿದೆ; ವಿರಹಗೀತೆಯ ಖಾತೆ ಯಾರ ಬಳಿ ಇದೆ ಎಂಬುದಕ್ಕೆ ಇದು ಸಾಕು. ಈಗ ನಕ್ಷೆ ಬಿಡಿಸಿ. ಶಾರದೆ ಇರುವುದು ಶೃಂಗೇರಿಯಲ್ಲಿ, ತುಂಗೆಯ ದಡದಲ್ಲಿ. ತುಂಗೆ ಶಿವಮೊಗ್ಗ ದಾಟಿ, ಕೂಡಲಿಯಲ್ಲಿ ಭದ್ರೆಯನ್ನು ಸೇರಿ, ಹೊನ್ನಾಳಿಗೆ ಬಂದು, ಮುಂದೆ ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿಗೆ ಇಳಿಯುತ್ತಾಳೆ. ಬಂಗಾಳ ಕೊಲ್ಲಿಯಿಂದ ಮಲಾಕ್ಕಾ ದಾಟಿದರೆ ಜಪಾನಿಗೆ ನೇರ ದಾರಿ. ಶರಾವತಿಯೋ ಪಶ್ಚಿಮಕ್ಕೆ ಹರಿದು ಅರಬ್ಬೀ ಸಮುದ್ರದ ಪಾಲಾದಳು, ಆದ್ದರಿಂದ ಸಾಗರದವರಿಗೆ ಈ ವಿಷಯದಲ್ಲಿ ಬಾಯಿಲ್ಲ. ಹಾಗಾದರೆ ಶಿವಮೊಗ್ಗವೇ ಮೂಲ ಏಕಾಗಬಾರದು ಎಂದು ಕೇಳಬಹುದು. ಆಗದು. ಅಗಲಿಕೆಗೆ ಮೊದಲು ಕೂಟ ಬೇಕು. ಶಿವಮೊಗ್ಗದಲ್ಲಿ ತುಂಗೆ ಇನ್ನೂ ಒಂಟಿ. ಕೂಡಲಿಯ ಸಂಗಮವಾದ ಮೇಲೆ ಸಿಗುವ ಮೊದಲ ತಾಲ್ಲೂಕು ಕೇಂದ್ರ ಹೊನ್ನಾಳಿ. ಕೆಳಗಿನ ಹರಿಹರದವರು ಹಕ್ಕು ಸಾಧಿಸಲು ಬಂದಾರು. ಆದರೆ ಅವರ ದೇವರೇ ಹರಿಯೂ ಹರನೂ ಒಂದೇ ಮೈಯಾಗಿ ನಿಂತಿರುವುದರಿಂದ ಆ ಊರಲ್ಲಿ ವಿರಹಕ್ಕೆ ಜಾಗವಿಲ್ಲ. ಸರಕು ಹೊತ್ತವನ ಹೆಸರೂ ದಾಖಲೆಯಲ್ಲಿದೆ. 736ರಲ್ಲಿ ಜಪಾನ್ ಮುಟ್ಟಿದ ಬೋಧಿಸೇನನೆಂಬ ಭಾರತೀಯ ಭಿಕ್ಷು 752ರಲ್ಲಿ ನಾರಾದ ಮಹಾಬುದ್ಧನ ನೇತ್ರೋನ್ಮೀಲನ ನಡೆಸಿಕೊಟ್ಟ. ಈತ ದಕ್ಷಿಣ ಭಾರತದವನೆಂದು ಹೇಳುವುದುಂಟು. ಹೊನ್ನಾಳಿ ದಕ್ಷಿಣ ಭಾರತದಲ್ಲಿದೆ. ಇದಕ್ಕಿಂತ ಬಿಡಿಸಿ ಹೇಳುವುದು ಓದುಗರ ಬುದ್ಧಿಗೆ ಅವಮಾನ. ಭಾಷಾವಿದ್ವಾಂಸ ಓನೊ ಸುಸುಮು ಜಪಾನೀ ಭಾಷೆಗೆ ತಮಿಳಿನ ನಂಟು ಹುಡುಕಿದರು. ಇನ್ನೊಂದು ರಾತ್ರಿ ಬಸ್ಸಿನಲ್ಲಿ ಕೂತಿದ್ದರೆ ಸರಿಯಾದ ಊರಿಗೇ ಇಳಿಯುತ್ತಿದ್ದರು.

ಸಂಗೀತಶಾಸ್ತ್ರದ ಸಾಕ್ಷ್ಯ ಇನ್ನೂ ಗಟ್ಟಿ. ಎಂಕಾದ ಐದು ಸ್ವರಗಳ ಮೇಳಕ್ಕೆ ಯೊನಾನುಕಿ ಎನ್ನುತ್ತಾರೆ. ಏಳರಲ್ಲಿ ನಾಲ್ಕನೆಯದೂ ಏಳನೆಯದೂ ಇಲ್ಲ. ಮಧ್ಯಮ ನಿಷಾದಗಳಿಲ್ಲದ ಆ ಮೇಳ ನಮ್ಮ ಮೋಹನ. ಶೋಕದ ಹಾಡಿಗೆ ಗಾಂಧಾರ ಧೈವತಗಳನ್ನು ಒಂದೊಂದು ಮೆಟ್ಟಿಲು ಇಳಿಸುತ್ತಾರೆ. ಹೊನ್ನಾಳಿಯಲ್ಲಿ ಮೋಹನವಾಗಿ ಹೊರಟದ್ದು ಅಲ್ಲಿಗೆ ತುಸು ಕುಗ್ಗಿ ಮುಟ್ಟಿದೆ, ಅಷ್ಟೇ. ಅಷ್ಟು ದೂರ ಹೋದ ಯಾವ ಸರಕು ತೂಕದಲ್ಲಿ ಇಳಿಯುವುದಿಲ್ಲ? ದನಿಯನ್ನು ಕೊರಳಲ್ಲೇ ಹೊರಳಿಸುವ ಅವರ ಕೊಬುಶಿಯನ್ನು ಕೇಳಿದ ಯಾರೂ ಗಮಕವನ್ನು ನೆನೆಯದಿರಲಾರರು. ಮೋಹನವೇನು ಹೊನ್ನಾಳಿಯ ಸ್ವತ್ತೇ ಎಂಬುದು ಮೊದಲ ಆಕ್ಷೇಪ. ಅದು ಹೊನ್ನಾಳಿಯದಲ್ಲವೆಂದು ಈವರೆಗೆ ಯಾರೂ ತಕರಾರು ಅರ್ಜಿ ಕೊಟ್ಟಿಲ್ಲ; ತಕರಾರಿಲ್ಲದೆ ಖಾತೆಯಾಗುವುದು ತಾಲ್ಲೂಕು ಕಚೇರಿ ಕಂಡ ಎಲ್ಲರಿಗೂ ಗೊತ್ತು. ಎರಡನೆಯ ಆಕ್ಷೇಪ ಕೊಂಚ ತ್ರಾಸದಾಯಕ. ಮೇಜಿ ಕಾಲದ ಶಾಲಾಪಠ್ಯಗಳು, ಅದರಲ್ಲೂ 1881ರ ಗೀತಪುಸ್ತಕ, ಸ್ಕಾಟ್ಲೆಂಡಿನ ಧಾಟಿಗಳನ್ನು ತಂದು ಈ ಮೇಳವನ್ನು ಮಕ್ಕಳ ಕಿವಿಗೆ ಹಾಕಿದವು, ಆದ್ದರಿಂದ ಮೂಲ ಸ್ಕಾಟ್ಲೆಂಡ್ ಎನ್ನುತ್ತಾರೆ. ಒಪ್ಪೋಣ. ಹಾಗಾದರೆ ಸ್ಕಾಟ್ಲೆಂಡಿನ ಫ್ರಾನ್ಸಿಸ್ ಬುಕಾನನ್ 1800–01ರಲ್ಲಿ ಮೈಸೂರು ಸೀಮೆಯನ್ನು ಊರೂರು ಅಲೆದು ಬೆಳೆ, ಮಣ್ಣು, ಜಾತಿ ಎಂದು ಬರೆದುಕೊಂಡದ್ದೇಕೆ? ತಮ್ಮ ಹಿರಿಯರು ಒಯ್ದದ್ದು ಯಾವ ಮಣ್ಣಿನದೆಂದು ತಾಳೆ ನೋಡುವುದಕ್ಕಲ್ಲದೆ ಒಬ್ಬ ವೈದ್ಯನಿಗೆ ಅಷ್ಟು ಬಿಸಿಲು ಯಾಕೆ ಬೇಕಿತ್ತು?

ಕಾಲಾನುಕ್ರಮದ ಆಕ್ಷೇಪಕ್ಕೂ ಉತ್ತರವಿದೆ. ಪ್ರೇಮವನ್ನು ಹೆಣ್ಣೇ ತನ್ನ ಮಾತಿನಲ್ಲಿ ಹಾಡಿದ್ದಕ್ಕೆ ನಮ್ಮ ಸಾಕ್ಷಿ ಅಕ್ಕಮಹಾದೇವಿ. ಆಕೆಯ ಉಡುತಡಿ ಇರುವುದು ಪಕ್ಕದ ಶಿಕಾರಿಪುರ ತಾಲ್ಲೂಕಿನಲ್ಲಿ, ಕಾಲ ಹನ್ನೆರಡನೆಯ ಶತಮಾನ. ಜಪಾನಿನ ಪ್ರೇಮಕವಯಿತ್ರಿ ಓನೊ ನೊ ಕೊಮಾಚಿ ಒಂಬತ್ತನೆಯ ಶತಮಾನದವಳು. ಮೂಲ ನಮ್ಮದಾದರೆ ನಕಲು ಮುನ್ನೂರು ವರ್ಷ ಮೊದಲೇ ಹುಟ್ಟಿದ್ದು ಹೇಗೆ? ಇಲ್ಲಿ ವಿಮರ್ಶಕರು ಭೂಗೋಳ ಮರೆತಿದ್ದಾರೆ. ಜಪಾನಿನ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಮುಂದಿದೆ. ಒಂದೇ ದಿನದಲ್ಲಿ ಇಷ್ಟು ಮುಂದಾಗುವವರು ಶತಮಾನಗಳಲ್ಲಿ ಎಷ್ಟು ಮುಂದಾಗಬಹುದೆಂದು ಲೆಕ್ಕ ಹಾಕಿದರೆ ಮುನ್ನೂರು ವರ್ಷ ಕಡಿಮೆಯೇ. ಕೊಮಾಚಿಯ ಬಾಗಿಲಲ್ಲಿ ನೂರು ರಾತ್ರಿ ಕಾಯಲು ಒಪ್ಪಿದ ಫುಕಾಕುಸಾ ಕೊನೆಯ ರಾತ್ರಿಗೆ ಮುನ್ನ ಸತ್ತನೆಂಬ ಐತಿಹ್ಯವಿದೆ. ಅಕ್ಕನನ್ನು ಬಯಸಿದ ನಮ್ಮ ರಾಜ ಕೌಶಿಕನಿಗೆ ಅಷ್ಟು ತಾಳ್ಮೆ ಇರಲಿಲ್ಲ. ಇಷ್ಟು ಮಾತ್ರ ಹಾಸ್ಯವಿಲ್ಲದೆ ಹೇಳಬಹುದು: ಎರಡೂ ಕಡೆ ಹೆಣ್ಣು ಮೊದಲು ತಾನೇ ಬರೆದಳು, ಆಮೇಲೆ ಸಿನಿಮಾ, ರೆಕಾರ್ಡು ಕಂಪನಿಗಳ ಕಾಲಕ್ಕೆ ಗಂಡಸು ಬರೆದದ್ದನ್ನು ಅತ್ತುಕೊಂಡು ಹಾಡಿದಳು. ಹೊನ್ನಾಳಿಗೆ ಮರಳಿ ಏನು ಬಂತು ಎಂದು ಕೇಳುವವರೂ ಇದ್ದಾರೆ. ಹೊಳೆ ಹಿಂದಕ್ಕೆ ಹರಿಯದು, ಆದರೆ ಸಿನಿಮಾ ರೀಲು ಬರುತ್ತದೆ. 1966ರ ‘ಲವ್ ಇನ್ ಟೋಕಿಯೊ’ದಲ್ಲಿ ಕಿಮೊನೊ ಉಟ್ಟ ಆಶಾ ಪಾರೇಖ್‌ಗೆ ಲತಾ ಮಂಗೇಶ್ಕರ್ ಜಪಾನೀ ವಿದಾಯದ ಹಾಡು ಹಾಡಿದರು; ಎರಡು ಮಣಿಗಳ ರಬ್ಬರ್ ಜಡೆಪಟ್ಟಿಗೆ ದಕ್ಷಿಣದ ಎಷ್ಟೋ ಊರುಗಳಲ್ಲಿ ಆ ಸಿನಿಮಾದ ಹೆಸರೇ ನಿಂತಿತು. ಬಡ್ಡಿಯ ರೂಪದಲ್ಲಿ ಬಂದದ್ದು ಇದು, ಅಸಲು ಇನ್ನೂ ಬಾಕಿ.

ಉಳಿದಿರುವುದು ಅಣೆಕಟ್ಟಿನ ಆಕ್ಷೇಪ. ಹೊಸಪೇಟೆಯ ಬಳಿ ತುಂಗಭದ್ರಾ ಅಣೆಕಟ್ಟು 1953ರಿಂದ ನೀರು ತಡೆದು ನಿಲ್ಲಿಸಿದೆ, ನೀವು ಹೆಸರಿಸಿದ ಹಾಡುಗಳೆಲ್ಲ ಅದರ ನಂತರದವು, ಹಾಗಾದರೆ ಹೊನ್ನಾಳಿಯ ನೀರು ಜಪಾನ್ ಮುಟ್ಟಿದ್ದು ಹೇಗೆ ಎನ್ನುತ್ತಾರೆ. ಮುಟ್ಟಲಿಲ್ಲ. ಅದಕ್ಕೇ ಅವು ವಿರಹಗೀತೆಗಳು. ಬರಬೇಕಾದದ್ದು ಬಾರದೆ ಬಂದರಿನಲ್ಲಿ ಕಾಯುವ ಹೆಣ್ಣು ಅರವತ್ತು, ಎಪ್ಪತ್ತರ ದಶಕಗಳಲ್ಲೇ ಜಪಾನನ್ನು ತುಂಬಿದ್ದೇಕೆಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರವನ್ನು ಯಾವ ಸಮಾಜಶಾಸ್ತ್ರಜ್ಞನೂ ಕೊಟ್ಟಿಲ್ಲ. 2024ರ ಆಗಸ್ಟ್‌ನಲ್ಲಿ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ಈ ಸಿದ್ಧಾಂತ ಪರೀಕ್ಷೆಗೆ ಒಡ್ಡಿಕೊಂಡಿತ್ತು. ಆದರೆ ಸುಮಾರು ಒಂದು ವಾರದಲ್ಲೇ ತಾತ್ಕಾಲಿಕ ಗೇಟ್ ಕೂರಿಸಿಬಿಟ್ಟದ್ದರಿಂದ ಜಪಾನಿನಲ್ಲಿ ಮಿಲನಗೀತೆಗಳ ಅಲೆ ಏಳಲಿಲ್ಲ. ಇಂಜಿನಿಯರುಗಳನ್ನು ದೂರಿ ಫಲವಿಲ್ಲ, ರೈತರ ಬೆಳೆ ಮುಖ್ಯ.

ಇನ್ನು ರಾಯಧನದ ಹಂಚಿಕೆ. ಹೊನ್ನಾಳಿ 1997ರ ಆಗಸ್ಟ್ 15ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿತ್ತು, ಅಂದಿನಿಂದ ದಾವಣಗೆರೆಯಲ್ಲಿದೆ. ಅಂದರೆ ಹಿಬಾರಿ, ಹಾರುಮಿ, ಸಾಯುರಿಯರ ಸುವರ್ಣಕಾಲದ ಬಾಬ್ತು ಪೂರ್ತಿ ಶಿವಮೊಗ್ಗಕ್ಕೆ ಹೋಗಬೇಕು. ದಾವಣಗೆರೆಗೆ ಬೇಸರ ಬೇಡ. ಎಂಕಾ ಗಾಯಕಿ ಫುಜಿ ಕೇಕೊ ಹೆತ್ತ ಉತಾದಾ ಹಿಕಾರು ತಾವೇ ಬರೆದು ಹಾಡಿದ ‘ಫಸ್ಟ್ ಲವ್’ ಆಲ್ಬಂ ಬಂದದ್ದು 1999ರಲ್ಲಿ. ಜಪಾನಿನಲ್ಲಿ ಅತಿ ಹೆಚ್ಚು ಮಾರಾಟವಾದ ಆಲ್ಬಂ ಅದೇ. ಶಿವಮೊಗ್ಗದವರು ಇದನ್ನು ಸುಮ್ಮನೆ ಬಿಡುವರೆಂಬ ಭರವಸೆ ಈ ಪ್ರಬಂಧಕ್ಕಿಲ್ಲ. ತಾಯಿಯ ಹಾಡು ಅವರ ಜಿಲ್ಲೆಯದಾದರೆ ಪಿತ್ರಾರ್ಜಿತದ ಪ್ರಶ್ನೆ ಎದ್ದೇ ಏಳುತ್ತದೆ. ಮೇಲಾಗಿ ಹೊನ್ನಾಳಿಯಿಂದ ಇತ್ತೀಚೆಗೆ ಬೇರೆಯಾಗಿ ತಾಲ್ಲೂಕಾದ ನ್ಯಾಮತಿಯೂ ತನ್ನ ಪಾಲು ಕೇಳುತ್ತದೆ, ಕೇಳಲೇಬೇಕು. ಹಾಡುಗಳು ಇನ್ನೂ ಜಂಟಿ ಖಾತೆಯಲ್ಲೇ ಇರುವುದರಿಂದ, ಸರ್ವೆಯರ್ ಬಂದು ಪೋಡಿ ಮಾಡಿಕೊಡುವತನಕ ಟೋಕಿಯೊದವರು ಯಾರಿಗೂ ಹಣ ಕಟ್ಟಬಾರದು.