ಪ್ರಿಯವರ್ಣ ಪ್ರಮಾಣ ಮೀಮಾಂಸೆ

ಜಲವರ್ಣದಲ್ಲಿ ನಿಸರ್ಗಚಿತ್ರ ಬರೆಯಲು ಕಲಿಯುತ್ತಿರುವವನಿಗೆ ತನ್ನ ಇಷ್ಟದ ಬಣ್ಣ ಯಾವುದೆಂದು ಗೊತ್ತಾಗುವುದು ಹೇಗೆ? ಈ ಶಾಸ್ತ್ರದಲ್ಲಿ ಪ್ರಮಾಣಗಳು ಮೂರು. ಗುರುಗಳು ಹೇಳಿದ್ದು ಶಬ್ದ. ಅಂಗಿಯ ತೋಳಿನ ಕಲೆ ನೋಡಿ ಮನೆಯವರು ಊಹಿಸಿದ್ದು ಅನುಮಾನ. ಹಿಂಡಿ ಹಿಂಡಿ ಚಪ್ಪಟೆಯಾದ ಟ್ಯೂಬು ಪ್ರತ್ಯಕ್ಷ. ಮೂರಕ್ಕೂ ಜಗಳ ಬಿದ್ದರೆ ಟ್ಯೂಬಿನ ಮಾತೇ ಅಂತಿಮ.

ಪೂರ್ವಪಕ್ಷದಲ್ಲಿ ಮೊದಲು ಎದ್ದು ನಿಲ್ಲುವವರು ಹಸಿರುವಾದಿಗಳು. ಮರ ಹಸಿರು, ಗದ್ದೆ ಹಸಿರು, ಆದಕಾರಣ ಹೂಕರ್ಸ್ ಗ್ರೀನೇ ಗತಿ ಎಂಬುದು ಇವರ ವಾದ. ಆದರೆ ವಿಲಿಯಂ ಹೂಕರ್ (1779–1832) ಬೆಟ್ಟಗುಡ್ಡ ಬರೆದು ಹೆಸರಾದವನಲ್ಲ. ಲಂಡನ್ನಿನ ತೋಟಗಾರಿಕಾ ಸಂಘಕ್ಕೆ ಹಣ್ಣುಗಳ ಚಿತ್ರ ಬರೆದುಕೊಟ್ಟವನು. ಪ್ರಷ್ಯನ್ ನೀಲಿಗೆ ಗ್ಯಾಂಬೋಜ್ ಹಳದಿ ಬೆರೆಸಿದ್ದೇ ಆತನ ಹಸಿರು. ಎಲೆಗೆ ಹೊಂದುವುದನ್ನು ಇಡೀ ಬೆಟ್ಟಕ್ಕೆ ಬಳಿದು, ಬೆಟ್ಟ ಬಿಲಿಯರ್ಡ್ಸ್ ಮೇಜಿನಂತೆ ಕಂಡರೆ ಅದು ಅತಿವ್ಯಾಪ್ತಿ ದೋಷ.

ಬೂದುವಾದಿಗಳು ಇನ್ನೂ ಸೂಕ್ಷ್ಮಮತಿಗಳು. ಇಂಗ್ಲೆಂಡಿನ ವಿಲಿಯಂ ಪೇನ್ ಪ್ರಷ್ಯನ್ ನೀಲಿ, ಯೆಲ್ಲೋ ಓಕರ್, ಕ್ರಿಮ್ಸನ್ ಲೇಕ್ ಬೆರೆಸಿ ಮಾಡಿಕೊಂಡ ಪೇನ್ಸ್ ಗ್ರೇ ಇವರಿಗೆ ಮೋಡಕ್ಕೂ ಬೇಕು, ಬಂಡೆಗೂ ಬೇಕು. ಇವರ ಚಿತ್ರಗಳಲ್ಲಿ ಯುಗಾದಿಯ ದಿನವೂ ಆಷಾಢ.

ಎರಡು ಪಂಥಕ್ಕೂ ಮೂಲಪುರುಷ ಪ್ರಷ್ಯನ್ ನೀಲಿಯೇ. ಅದು ಹುಟ್ಟಿದ್ದು 18ನೇ ಶತಮಾನದ ಆರಂಭದ ಬರ್ಲಿನ್ನಿನಲ್ಲಿ. ಬಣ್ಣ ತಯಾರಕ ಡೀಸ್‌ಬಾಖ್ ಮಾಡಹೊರಟದ್ದು ಕೆಂಪು. ಬಳಸಿದ ಪೊಟ್ಯಾಷ್ ಕಲಬೆರಕೆಯಾಗಿತ್ತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದಕ್ಕೆ ಯುರೋಪು ಇಂದಿಗೂ ಆತನಿಗೆ ಋಣಿ.

ಇನ್ನು ಸಿದ್ಧಾಂತ. ಟ್ಯೂಬುಗಳ ಸಾಕ್ಷ್ಯದಂತೆ ಮೊದಲು ಖಾಲಿಯಾಗುವುದು ಅಲ್ಟ್ರಾಮರೀನ್, ಅದರ ಬೆನ್ನಿಗೇ ಬರ್ನ್ಟ್ ಸಿಯೆನ್ನಾ. ಎರಡನ್ನೂ ನೀರುನೀರಾಗಿ ಒರಟು ಕಾಗದದ ಮೇಲೆ ಬಿಟ್ಟರೆ ನೀಲಿಯ ಕಣಗಳು ಕಾಗದದ ಸಣ್ಣ ಗುಳಿಗಳಲ್ಲಿ ಕೂರುತ್ತವೆ, ನಡುನಡುವೆ ಕಂದು ಇಣುಕುತ್ತದೆ. ಒಣಗುವಷ್ಟರಲ್ಲಿ ಮಳೆಗೆ ಮುಂಚಿನ ಆಕಾಶ ತಾನಾಗಿಯೇ ಸಿದ್ಧ. ಕಲಾವಿದ ಇದನ್ನು ಕೈಚಳಕ ಎನ್ನುತ್ತಾನೆ. ಹಿಂದೆ ಈ ನೀಲಿಗೆ ಅಫ್ಘಾನಿಸ್ತಾನದ ಬದಕ್ಷಾನದ ಕಲ್ಲೇ ಆಗಬೇಕಿತ್ತು. ಕೃತಕವಾಗಿ ತಯಾರಿಸಿದ್ದಕ್ಕೆ ಫ್ರಾನ್ಸಿನ ಗೀಮೆಗೆ 1828ರಲ್ಲಿ ಬಹುಮಾನ ಸಿಕ್ಕಿತು. ಇಲ್ಲವಾದರೆ ಈ ಮೀಮಾಂಸೆ ಸಾಹುಕಾರರಿಗಷ್ಟೇ ಮೀಸಲಾಗುತ್ತಿತ್ತು.

ಆಕ್ಷೇಪ: ಬೇಗ ಮುಗಿದದ್ದೇ ಪ್ರಿಯವಾದರೆ, ಮುಚ್ಚಳ ಹಾಕದೆ ಒಣಗಿಹೋದ ಟ್ಯೂಬಿನ ಗತಿಯೇನು?

ಸಮಾಧಾನ: ಬ್ಲೇಡಿನಿಂದ ಸೀಳಬೇಕು. ಬಣ್ಣ ಹಿಡಿದಿರುವ ಗಮ್ ಅರೇಬಿಕ್ ಅಂಟು ನೀರು ತಾಕಿದರೆ ಮತ್ತೆ ಕರಗುತ್ತದೆ. ಆ ಗಟ್ಟಿ ತುಂಡನ್ನು ಕೆರೆದು ಪ್ಯಾಲೆಟ್‌ಗೆ ಹಾಕಿಕೊಂಡರೆ ಅದು ಪ್ರೀತಿ. ‘ಹೊಸದೊಂದು ತಂದರಾಯಿತು ಬಿಡು’ ಎಂದರೆ ಅದು ಅಂಗಡಿಯ ಮೇಲಿನ ಮೋಹ. ಆ ವಿಷಯಕ್ಕೆ ಬೇರೆ ಗ್ರಂಥವೇ ಬೇಕು, ಬಿಲ್ಲುಗಳ ಸಮೇತ.